ಕಿಲೋಮೀಟರ್ ಲೆಕ್ಕದಲ್ಲಿ ವಿಮಾನದ ಸಮಯ ಹೇಳುವ ಏಜೆಂಟರನ್ನು ನಂಬಬೇಡಿ

ಮೊದಲೇ ಹೇಳಿಬಿಡ್ತೀನಿ, ನಮ್ಮ ವಿಮಾನ ತಡ ಆಗಿರಲಿಲ್ಲ. ಟಿಕೆಟ್‌ನಲ್ಲಿದ್ದ ಹೊತ್ತಿಗೇ ಹೊರಟು ಆ ಹೊತ್ತಿಗೇ ಇಳಿಯಿತು. ಆದರೂ ಮುಂದಿನ ವಿಮಾನ ತಪ್ಪಿತು, ದುಡ್ಡೂ ಹೋಯಿತು.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ (ಒಂದೇ ಬುಕಿಂಗ್ ನಂಬರ್‌ನಲ್ಲಿ) ಮಾಡಿಸಿ ಅಂತ ಏಜೆಂಟ್‌ಗೆ ಬಿಡಿಸಿ ಹೇಳಿದ್ದೆ. "ಯಾಕೆ ಸುಮ್ನೆ ಜಾಸ್ತಿ ಕೊಡ್ತೀರಾ ಸರ್, ಬೇರೆ ಬೇರೆ ಮಾಡಿಸೋಣ, ಮಧ್ಯೆ ಮೂರು ಗಂಟೆ ಸಿಗುತ್ತೆ" ಅಂದ. ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದ. ಮ್ಯಾಪ್ ಮೇಲೆ ಎರಡು ನಗರಗಳ ನಡುವೆ ಗೆರೆ, ಕೆಳಗೆ ದೂರ, ಅದರ ಕೆಳಗೆ ಹಾರಾಟದ ಸಮಯ. ಇಳಿಯುವ ಹೊತ್ತು ಎಷ್ಟು ಅಂತ ಎಲ್ಲೂ ಇಲ್ಲ. ಪೂರ್ತಿ ದುಡ್ಡು ಕಟ್ಟಿಸಿಕೊಂಡು, ಹೊರಡುವ ಹಿಂದಿನ ರಾತ್ರಿ ಇ-ಟಿಕೆಟ್ ಕಳಿಸಿದ. ನೋಡಿದರೆ ಅವನು ಹೇಳಿದ್ದಕ್ಕಿಂತ ಒಂದೂವರೆ ಗಂಟೆ ತಡವಾಗಿ ಇಳಿಯೋದು! ತಕ್ಷಣ ಫೋನ್ ಮಾಡಿದೆ. "ಏರ್‌ಲೈನ್‌ನವರು ಯಾವಾಗಲೂ ಜಾಸ್ತಿನೇ ಹಾಕಿರ್ತಾರೆ ಸರ್, ಬೇಗ ಇಳಿಸ್ತಾರೆ, ಆರಾಮಾಗಿ ಹೋಗಿ."

ಆರಾಮಾಗಿ ಹೋಗಿ ಅಂತೆ! ಅವನ ಲೆಕ್ಕದ ಪ್ರಕಾರ ಇಳಿಯಬೇಕಾದ ಹೊತ್ತಿಗೆ ಸೀಟಿನ ಮುಂದಿನ ಪರದೆಯಲ್ಲಿ ಇನ್ನೂ ಸಾವಿರ ಕಿಲೋಮೀಟರ್ ಮೇಲೆ ಬಾಕಿ ಇತ್ತು. ಪಕ್ಕದಲ್ಲೇ ಎದುರುಗಾಳಿಯ ವೇಗ, ನೂರು ದಾಟಿತ್ತು. ಹೊಟ್ಟೆಯಲ್ಲಿ ಸಂಕಟ ಶುರುವಾಗಿದ್ದು ಆಗಲೇ.

ಆ ಚಿತ್ರದಲ್ಲಿ ಇದ್ದಿದ್ದು ಬರೀ ಭಾಗಾಕಾರ. ಭೂಮಿಯ ಮೇಲಿನ ಅತಿ ಹತ್ತಿರದ ದಾರಿಯನ್ನು ಗಂಟೆಗೆ ಸುಮಾರು 800–900 ಕಿ.ಮೀ. ವೇಗದಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಸೇರಿಸೋದು, ಅಷ್ಟೇ. ರನ್‌ವೇಗೆ ಸಾಲಿನಲ್ಲಿ ಕಾಯೋದು, ಮುಚ್ಚಿದ ವಾಯುಪ್ರದೇಶ ಸುತ್ತಿ ಹೋಗೋದು, ಎದುರುಗಾಳಿ, ಯಾವುದೂ ಅದರಲ್ಲಿಲ್ಲ. ಲಂಡನ್–ನ್ಯೂಯಾರ್ಕ್ ದೂರ ಎರಡು ಕಡೆಯಿಂದಲೂ ಸುಮಾರು 5,550 ಕಿ.ಮೀ. ತಾನೇ? ಆದರೂ ಪಶ್ಚಿಮಕ್ಕೆ ಹೋಗುವಾಗ ಸುಮಾರು ಒಂದು ಗಂಟೆ ಹೆಚ್ಚು ಹಿಡಿಯುತ್ತೆ, ಜೆಟ್ ಸ್ಟ್ರೀಮ್ ಅನ್ನೋ ತುಂಬಾ ಎತ್ತರದ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋದ್ರಿಂದ. 2020ರ ಫೆಬ್ರವರಿಯಲ್ಲಿ ಆ ಗಾಳಿ ಜೋರಾಗಿದ್ದಾಗ ಒಂದು ವಿಮಾನ ನ್ಯೂಯಾರ್ಕ್‌ನಿಂದ ಐದು ಗಂಟೆಯೊಳಗೇ ಲಂಡನ್ ತಲುಪಿತ್ತು. ನಾವು ಹೊರಟಿದ್ದೂ ಪಶ್ಚಿಮಕ್ಕೇ. ದಿನಾ ಟಿಕೆಟ್ ಮಾರುವವನಿಗೆ ಇದು ಗೊತ್ತಿರಲ್ವಾ?

ಇಮಿಗ್ರೇಷನ್ ಮುಗಿಸಿ, ಬ್ಯಾಗ್ ತಗೊಂಡು, ವಯಸ್ಸಾದ ಅಮ್ಮನ ಕೈ ಹಿಡಿದು ಓಡೋಡಿ ಹೋದರೆ ಕೌಂಟರ್ ಮುಚ್ಚಿತ್ತು. ವಿಮಾನ ಇನ್ನೂ ಅಲ್ಲೇ ನಿಂತಿದೆ, ನಮ್ಮನ್ನು ಮಾತ್ರ ಬಿಡಲ್ಲ. "ಇವೆರಡು ಬೇರೆ ಬೇರೆ ಟಿಕೆಟ್, ನಮ್ಮ ಲೆಕ್ಕದಲ್ಲಿ ನೀವು ನೋ-ಶೋ" ಅಂದರು, ಅಂದರೆ ಟಿಕೆಟ್ ಇದ್ದೂ ಬರದವರು. ಆ ಟಿಕೆಟ್‌ನಲ್ಲಿದ್ದ ವಾಪಸ್ ಪ್ರಯಾಣವೂ ರದ್ದು. ಎಲ್ಲರೂ ನೋಡ್ತಿದ್ದರು, ಅಮ್ಮ ಟ್ರಾಲಿ ಹಿಡ್ಕೊಂಡು ನಿಂತಿದ್ದರು. ನನಗೆ ತಲೆ ಎತ್ತಲು ಆಗಲಿಲ್ಲ.

ಏಜೆಂಟ್‌ಗೆ ಫೋನ್ ಮಾಡಿದರೆ ಮೊದಲು "ಫ್ಲೈಟ್ ಲೇಟಾದ್ರೆ ನಾವೇನ್ ಮಾಡೋಕಾಗುತ್ತೆ ಸರ್?" ಲೇಟಾಗಿಲ್ಲ ಕಣಯ್ಯಾ ಅಂದರೆ "ಗೂಗಲ್‌ನಲ್ಲಿ ಹಾಗೇ ತೋರಿಸ್ತು ಸರ್." ಕೊನೆಗೆ "ಟಿಕೆಟ್ ನೋಡ್ಕೋಬೇಕಿತ್ತು ನೀವು." ಹಿಂದಿನ ರಾತ್ರಿ ನೋಡಿಯೇ ಫೋನ್ ಮಾಡಿದ್ದೆನಲ್ಲಾ! ಅದಕ್ಕೆ ಉತ್ತರ ಇಲ್ಲ. ಈಗ ಫೋನೂ ಎತ್ತಲ್ಲ.

ದುಡ್ಡು ಕಟ್ಟುವ ಮೊದಲು ಫ್ಲೈಟ್ ನಂಬರ್ ಕೇಳಿ, ಇಳಿಯುವ ಹೊತ್ತನ್ನು ಏರ್‌ಲೈನ್‌ನ ವೆಬ್‌ಸೈಟ್‌ನಲ್ಲಿ ನೀವೇ ನೋಡಿ. ಅದು ಇಳಿಯುವ ಊರಿನ ಸಮಯ ಅನ್ನೋದು ನೆನಪಿರಲಿ. ಒಂದೇ ಪಿಎನ್‌ಆರ್ ಇದ್ದು ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಏರ್‌ಲೈನ್‌ನವರೇ ಬೇರೆ ವಿಮಾನಕ್ಕೆ ಹಾಕ್ತಾರೆ. ಮ್ಯಾಪ್ ಮೇಲೆ ಗೆರೆ ಎಳೆದು ಕಳಿಸಿದವನಿಗೆ ಒಂದು ರೂಪಾಯಿಯೂ ಕೊಡಬೇಡಿ.