ಹತ್ತು ವರ್ಷದ ಸೆಡಾನ್: ಇಟ್ಟುಕೊಂಡದ್ದೇ ಸರಿಯಾಯಿತು

ನಮ್ಮ ಸೆಡಾನ್‌ಗೆ ಈಗ ಹತ್ತು ವರ್ಷ, ಓಡಿದ್ದು 1,18,000 ಕಿಲೋಮೀಟರ್. ಎಂಜಿನ್ ಇಂದಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹಿಂದಿನ ಆಸನದಲ್ಲಿ ಮೂವರು ಆರಾಮವಾಗಿ ಕೂರಬಹುದು. ಆದರೆ ಆಸನ ತಗ್ಗು. ಮಂಡಿನೋವಿರುವ ಅಮ್ಮ ಬಾಗಿಲ ಚೌಕಟ್ಟು ಹಿಡಿದೇ ಏಳಬೇಕು. ಹೊಸದು ಕೊಳ್ಳೋಣವೆಂಬ ಮಾತು ಶುರುವಾದದ್ದೇ ಅಲ್ಲಿಂದ.

ಕೊಳ್ಳುವ ಬದಲು ಹೊಸ ಕಾರನ್ನು ಕೆಲವು ವರ್ಷಕ್ಕೆ ಬಾಡಿಗೆಗೆ ಪಡೆಯುವ ಲೀಸ್ ಕರಾರನ್ನೂ ಸಾಲು ಬಿಡದೆ ಓದಿದೆ. ತಿಂಗಳ ಕಂತು ಕಡಿಮೆ, ನಿಜ. ಆದರೆ ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿಯಿತ್ತು, ಮೀರಿದರೆ ಪ್ರತಿ ಕಿಲೋಮೀಟರ್‌ಗೂ ಹೆಚ್ಚುವರಿ ಹಣ. ಹಿಂದಿರುಗಿಸುವಾಗ ಗೀರು, ತಗ್ಗುಗಳಿಗೂ ಲೆಕ್ಕ. ಡಿಕ್ಕಿಯಲ್ಲಿ ಮಕ್ಕಳ ಸೈಕಲ್ ತುರುಕುವ ನಮ್ಮಂಥವರಿಗೆ ಅದು ಒಗ್ಗದು. ಹೊಸ ಕಾರಿನ ಬೆಲೆಯೋ, ಮೊದಲ ಕೆಲವು ವರ್ಷಗಳಲ್ಲೇ ಅತಿ ವೇಗವಾಗಿ ಇಳಿಯುತ್ತದೆ. ನಮ್ಮದು ಆ ಇಳಿಜಾರನ್ನು ಎಂದೋ ದಾಟಿದೆ.

ಮೆಕ್ಯಾನಿಕ್ ಕಾರನ್ನು ಲಿಫ್ಟ್ ಮೇಲೇರಿಸಿ ತೋರಿಸಿದರು: ತಳದಲ್ಲಿ ತುಕ್ಕಿಲ್ಲ, ಎಡಬದಿಯ ಮುಂದಿನ ಶಾಕ್ ಅಬ್ಸಾರ್ಬರ್ ಮಾತ್ರ ಎಣ್ಣೆ ಒಸರುತ್ತಿತ್ತು, ಅದರ ಮೇಲೆ ಧೂಳು ಕಪ್ಪಾಗಿ ಮೆತ್ತಿಕೊಂಡಿತ್ತು. ಮುಂದಿನ ಎಡ, ಬಲ ಎರಡನ್ನೂ ಜೋಡಿಯಾಗಿಯೇ ಬದಲಿಸಿದೆ. ಟೈಮಿಂಗ್ ಬೆಲ್ಟ್, ಬ್ರೇಕ್ ಆಯಿಲ್, ಟೈರ್‌ಗಳೂ ಹೊಸವು. ಈಗ ಹಂಪ್ ಹತ್ತಿಳಿದರೂ ಸದ್ದಿಲ್ಲ. ಅಮ್ಮನ ಆಸನಕ್ಕೆ ಗಟ್ಟಿ ದಿಂಬೊಂದನ್ನು ಹಾಕಿದ್ದೇನೆ. ಇನ್ನೂ ನಾಲ್ಕು ವರ್ಷ ಇದನ್ನೇ ಓಡಿಸುತ್ತೇನೆ.