ಎಂಡಿಬಿ 4.3: ವೆಂಡಿಂಗ್ ಮಷೀನ್ ಪ್ರೋಟೊಕಾಲ್‌ನ ಮೂಲ ದಾಖಲೆ ಹೇಗಿದೆ?

ವೆಂಡಿಂಗ್ ಮಷೀನಿಗೆ ಯುಪಿಐ ಕ್ಯೂಆರ್ ಬೋರ್ಡ್ ಕೂರಿಸಬೇಕಾದರೆ ಮೊದಲು ಬೇಕಾಗುವುದು, ಮಷೀನಿನ ಕಂಟ್ರೋಲರ್ ಹಣ ಪಡೆಯುವ ಸಾಧನಗಳೊಡನೆ ಮಾತಾಡುವ ರೀತಿ ಹೇಳುವ ಎಂಡಿಬಿ/ಐಸಿಪಿ ಪ್ರೋಟೊಕಾಲ್‌ನ ಪಿಡಿಎಫ್. 2003ರ 3.0, 2011ರ 4.2 ಆವೃತ್ತಿಯ ಪ್ರತಿಗಳು ಅಲ್ಲಲ್ಲಿ ಇನ್ನೂ ಓಡಾಡುತ್ತಿವೆ. ನೀವು ಇಳಿಸಿಕೊಳ್ಳಬೇಕಾದ್ದು 2019ರ ಜುಲೈನ 4.3. ಪ್ರಕಟಿಸುವವರು ಅಮೆರಿಕದ ನ್ಯಾಷನಲ್ ಆಟೋಮ್ಯಾಟಿಕ್ ಮರ್ಚಂಡೈಸಿಂಗ್ ಅಸೋಸಿಯೇಷನ್, ಅಂದರೆ ನಾಮಾ. ಅವರ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತದೆ. ಇದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಮೊದಲ ಪುಟದಿಂದ ಓದಲು ಹೋದರೆ ಸುಸ್ತಾಗುತ್ತೀರಿ. ಬಸ್ (ಎಲ್ಲ ಸಾಧನಗಳೂ ಹಂಚಿಕೊಳ್ಳುವ ತಂತಿ) ಫಾರ್ಮ್ಯಾಟ್ ಅಧ್ಯಾಯ, ಆಮೇಲೆ ಹಾರ್ಡ್‌ವೇರ್, ಕೊನೆಗೆ ಕ್ಯಾಶ್‌ಲೆಸ್: ಈ ಮೂರು ಸಾಕು. ನಾಣ್ಯ, ನೋಟಿನ ಅಧ್ಯಾಯಗಳನ್ನು ಬೇಕಾದಾಗ ತೆರೆದರಾಯಿತು.

ಬಸ್ ವಿವರಣೆ ಅಚ್ಚುಕಟ್ಟು. ವೇಗ 9600 ಬಾಡ್. ಒಂದು ಬೈಟಿಗೆ 11 ಬಿಟ್, ಅದರಲ್ಲಿ ಒಂಬತ್ತನೇ ಡೇಟಾ ಬಿಟ್ಟೇ ಮೋಡ್ ಬಿಟ್. ಮಷೀನಿನ ಕಂಟ್ರೋಲರ್ ಅದನ್ನು ವಿಳಾಸದ ಬೈಟ್‌ನಲ್ಲಿ 1 ಮಾಡುತ್ತದೆ, ನಮ್ಮ ಬೋರ್ಡ್ ಕೊನೆಯ ಬೈಟ್‌ನಲ್ಲಿ. ವೈಫೈ ಇರುವ ಇಎಸ್‌ಪಿ32 ಚಿಪ್‌ನ ಯುಆರ್ಟ್‌ಗೆ (ಸೀರಿಯಲ್ ಪೋರ್ಟ್) 8 ಡೇಟಾ ಬಿಟ್ ದಾಟಲು ಬರುವುದಿಲ್ಲ, ಹಾಗಾಗಿ ತಪ್ಪು ಹಿಡಿಯಲೆಂದಿರುವ ಪ್ಯಾರಿಟಿ ಬಿಟ್ಟನ್ನೇ ಒಂಬತ್ತನೆಯದಾಗಿಸುವ ಸರ್ಕಸ್ ಮಾಡಬೇಕು. ಎಸ್‌ಟಿಎಂ32 ಚಿಪ್‌ಗೆ 9 ಬಿಟ್ ಹಾರ್ಡ್‌ವೇರ್‌ನಲ್ಲೇ ಇದೆ. ಬಸ್ಸನ್ನು ಅದಕ್ಕೆ ಒಪ್ಪಿಸಿ, ವೈಫೈ ಕೆಲಸವನ್ನಷ್ಟೇ ಇಎಸ್‌ಪಿಗೆ ಬಿಡುವುದು ಜಾಣತನ. ಉತ್ತರ 5 ಮಿಲಿಸೆಕೆಂಡಿನೊಳಗೆ ಹೊರಡಬೇಕು. ಸರ್ವರ್‌ಗಾಗಿ ಕಾಯುತ್ತ ಕೂತ ಕೋಡ್‌ಗೆ ಪೋಲ್ (ಕಂಟ್ರೋಲರ್‌ನ ವಿಚಾರಣೆ) ತಪ್ಪುತ್ತದೆ, ಕಂಟ್ರೋಲರ್ ರೀಸೆಟ್ ಕಳಿಸುತ್ತದೆ.

ಹಾರ್ಡ್‌ವೇರ್ ಅಧ್ಯಾಯವನ್ನು ಎರಡು ಸಲ ಓದಿ. ಆರು ಪಿನ್ ಕನೆಕ್ಟರ್‌ನ ಮೊದಲ ಪಿನ್‌ನಲ್ಲಿ ನಾಮಮಾತ್ರಕ್ಕೆ 34 ವೋಲ್ಟ್, ಆದರೆ ಮಿತಿ 42.5ರವರೆಗೆ ಇದೆ. ಎಸ್‌ಪಿ ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ವೋಲ್ಟೇಜ್ ಇಳಿಸುವ ಎಲ್ಎಂ2596 ಮಾಡ್ಯೂಲ್ 40 ವೋಲ್ಟಿನದು. ಹೊಗೆ ಬರುವುದು ಅಲ್ಲೇ. 60 ವೋಲ್ಟ್ ತಡೆಯುವ ಎಲ್ಎಂ2576ಎಚ್‌ವಿ ಹಾಕಿ. ಪಿನ್ 2 ಪವರ್ ಗ್ರೌಂಡ್, ಪಿನ್ 6 ಸಂವಹನದ ಗ್ರೌಂಡ್. ಎರಡನ್ನೂ ಬೋರ್ಡಿನಲ್ಲಿ ಸೇರಿಸಿಬಿಟ್ಟರೆ ಅವನ್ನು ಬೇರ್ಪಡಿಸಲು ಆಪ್ಟೋಕಪ್ಲರ್ ಹಾಕಿದ್ದೂ ದಂಡ.

ಕ್ಯಾಶ್‌ಲೆಸ್ ಅಧ್ಯಾಯದಲ್ಲಿ ತಿರುಳು ಬಹಳ, ಉದಾಹರಣೆ ಕಡಿಮೆ. ಶುರುವಿನಿಂದ ಕೊನೆಯವರೆಗಿನ ಒಂದು ಪೂರ್ತಿ ವ್ಯವಹಾರದ ಬೈಟ್‌ಗಳನ್ನು ಸಾಲಾಗಿ ಕೊಟ್ಟಿದ್ದರೆ ಎಷ್ಟೋ ಜನರ ತಲೆನೋವು ತಪ್ಪುತ್ತಿತ್ತು. ರೂಪಾಯಿಗೆ, ಕಂಟ್ರೋಲರ್‌ನ ಸೆಟಪ್ ಆದೇಶಕ್ಕೆ ಬೋರ್ಡಿನ ಉತ್ತರ ಹೀಗಿರಬಹುದು, ಎಲ್ಲ ಹೆಕ್ಸ್‌ನಲ್ಲಿ: 01 03 13 56 64 02 3ಸಿ 00, ಚೆಕ್‌ಸಮ್ 0ಎಫ್. ಎರಡನೆಯ ಬೈಟ್ 03 ಬೋರ್ಡಿನ ಸಾಮರ್ಥ್ಯದ ಲೆವೆಲ್. 1356ರಲ್ಲಿ ಮೊದಲ 1 ಐಎಸ್‌ಒ 4217 (ಕರೆನ್ಸಿ ಸಂಕೇತಗಳ ಪಟ್ಟಿ) ಎನ್ನುವ ಗುರುತು, 356 ರೂಪಾಯಿ. ಆಮೇಲೆ ಸ್ಕೇಲ್ 100, ದಶಮಾಂಶ 2. ಅಂದರೆ ಒಂದು ಎಣಿಕೆಗೆ ಒಂದು ರೂಪಾಯಿ. ಸ್ಕೇಲ್ 1 ಇಟ್ಟರೆ ಬೆಲೆಯ 16 ಬಿಟ್ ಪೈಸೆ ಲೆಕ್ಕದಲ್ಲೇ ತುಂಬಿ, ₹655ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಚಿಪ್ಸ್‌ಗೆ ಪರವಾಗಿಲ್ಲ, ಇಯರ್‌ಫೋನ್ ಮಾರುವ ಮಷೀನಿಗೆ ಆಗದು. 3ಸಿ ಎಂದರೆ 60 ಸೆಕೆಂಡ್: ಉತ್ತರಕ್ಕೆ ಬೇಕಾದ ಗರಿಷ್ಠ ಸಮಯ. ಗ್ರಾಹಕ ಫೋನ್ ತೆಗೆದು ಯುಪಿಐ ಪಿನ್ ಒತ್ತುವಷ್ಟು ವೇಳೆ ಇಲ್ಲಿ ಕೊಡದಿದ್ದರೆ ದುಡ್ಡು ಹೋಗಿ ಸರಕು ಬೀಳದ ಜಗಳ ಹುಟ್ಟುತ್ತದೆ.

ಸರಕು ಆಯ್ದ ಮೇಲೆ ಕ್ಯೂಆರ್ ತೋರಿಸಬೇಕಾದರೆ ಲೆವೆಲ್ 3ರ 'ಆಲ್ವೇಸ್ ಐಡಲ್' (ಹಣ ತೋರಿಸುವ ಮುನ್ನವೇ ಸರಕು ಆಯಲು ಬಿಡುವ ವಿಧಾನ) ಬೇಕು. ಮಷೀನಿನ ಕಂಟ್ರೋಲರ್ ಅದನ್ನು ಬೆಂಬಲಿಸುತ್ತದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿಕೊಳ್ಳಿ.

ಮಾರಾಟದ ಲೆಕ್ಕ ಓದಲು ಬೇಕಾದ ಡೆಕ್ಸ್ ಇದರೊಳಗಿಲ್ಲ. ಅದು ಯುರೋಪಿನ ಇವಿಎ ಸಂಸ್ಥೆಯ ಡಿಟಿಎಸ್ ಎಂಬ ಬೇರೆಯೇ ದಾಖಲೆ. ಮಷೀನಿನಲ್ಲಿರುವುದು ಸಿಸಿಟಾಕ್ ಎಂಬ ಬೇರೆ ಪ್ರೋಟೊಕಾಲ್‌ನ ನಾಣ್ಯ ಯಂತ್ರವಾದರೆ ಈ ಪಿಡಿಎಫ್ ಉಪಯೋಗಕ್ಕೆ ಬಾರದು. ಬಾಡ್ ಒಂದೇ ಆದರೂ ಅಲ್ಲಿ ಮಾತೆಲ್ಲ ಒಂದೇ ಡೇಟಾ ತಂತಿಯ ಮೇಲೆ, 8 ಬಿಟ್‌ನಲ್ಲಿ.