ಯೆಜ್ಡಿ ಎಂಜಿನ್ನಿಗೆ ಬೇರಿಂಗ್ ಕೂರಿಸಲು 2000 ವಾಟ್ ಹೀಟ್ ಗನ್

ಯೆಜ್ಡಿ ರೋಡ್‌ಕಿಂಗ್ ಬೈಕಿನ ಎಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟೋಣ ಅಂತ ಹೊರಟಾಗ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಬಿಸಿಗಾಳಿ ಊದುವ ಈ ಹೀಟ್ ಗನ್ ತಗೊಂಡೆ. ದೊಡ್ಡ ಕಂಪನಿಯ ಮಾಲಲ್ಲ. ಎರಡು ಸ್ಟೆಪ್ಪಿನ ಸ್ವಿಚ್, ನಾಲ್ಕು ನಾಜಲ್, ಅಷ್ಟೇ. ಬೆಲೆ ಎರಡು ಸಾವಿರದೊಳಗೆ. ಪೇಂಟ್ ಕೀಳುವವರಿಗೆಂದು ಮಾರುವ ವಸ್ತು ಇದು, ಆದರೆ ನನಗೆ ಬೇಕಿದ್ದುದು ಅಲ್ಯೂಮಿನಿಯಂ ಎಂಜಿನ್ ಕೇಸ್ ಬಿಸಿ ಮಾಡುವುದಕ್ಕೆ.

ಬೇರಿಂಗ್ ಬಡಿದು ಕೂರಿಸಲು ಸುತ್ತಿಗೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದು 1996ರಲ್ಲಿ. ಇವತ್ತು ಕೇಸ್ ಸೀಳಿದರೆ ಗುಜರಿಯಲ್ಲೇ ಹುಡುಕಬೇಕು. ಅದೂ ಅಲ್ಲದೆ, ಕೇಸಿಗೆ ಕೂರಿಸುವ ಬೇರಿಂಗಿನ ಒಳರಿಂಗಿಗೆ ಹೊಡೆದರೆ ಪೆಟ್ಟೆಲ್ಲ ಬಾಲುಗಳ ಮೇಲೆ ಬಿದ್ದು ಟ್ರ್ಯಾಕಿನಲ್ಲಿ ಸಣ್ಣ ಗುಳಿ ಬೀಳುತ್ತದೆ. ಎಂಜಿನ್ ಕಟ್ಟಿದ ಮೇಲೆ ಗೊರಗೊರ ಸದ್ದು ಶುರು.

ಲೆಕ್ಕ ಸುಲಭ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 6305 ಬೇರಿಂಗ್ ತಗೊಳ್ಳಿ, ಹೊರವ್ಯಾಸ 62 ಮಿ.ಮೀ. ಕೇಸನ್ನು 110 ಡಿಗ್ರಿಗೆ ತಂದರೆ ಅಷ್ಟಗಲದ ಸೀಟು, ಅಂದರೆ ಬೇರಿಂಗ್ ಕೂರುವ ಗುಂಡಿ, ಸುಮಾರು 0.12 ಮಿ.ಮೀ. ಹಿಗ್ಗುತ್ತದೆ. ಬೇರಿಂಗ್ ಫ್ರೀಜರಿನಲ್ಲಿದ್ದರೆ ಅದೂ ಒಂಚೂರು ಕುಗ್ಗಿರುತ್ತದೆ. ಬಿಗಿ, ಅಂದರೆ ಸೀಟಿಗಿಂತ ಬೇರಿಂಗ್ ದೊಡ್ಡದಿರುವ ಅಳತೆ, ಇರುವುದೇ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಡಿ, ಇಲ್ಲದಿದ್ದರೆ ನೀರು ಕೂತು ತುಕ್ಕು ಹಿಡಿಯುತ್ತದೆ.

ಗನ್ ಈ ಕೆಲಸ ಚೆನ್ನಾಗಿಯೇ ಮಾಡಿತು. ಒಂದೇ ಕಡೆ ಹಿಡಿಯದೆ, ಸೀಟಿನ ಸುತ್ತ ಅಗಲವಾಗಿ ಆಡಿಸುತ್ತಾ ಹೋದೆ. ಕೇಸೆಲ್ಲ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಅವಸರ ಬೇಡ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ನಂಬಬೇಡಿ, ಇರುವುದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಸೀಟಿನ ಪಕ್ಕ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿದು ನೋಡಿ. ಟೇಪ್ ಇಲ್ಲದಿದ್ದರೆ ಒಂದು ಹನಿ ನೀರು ಹಾಕಿ, ಚುರ್ ಅಂದರೆ ಸಾಕು.

ಫ್ರೀಜರಿನಿಂದ ತೆಗೆದ ಬೇರಿಂಗ್ ಟಕ್ ಅಂತ ತಳಕ್ಕೆ ಕೂತಿತು. ನೇರವಾಗಿ ಬಿಡಬೇಕು, ಸಿಗುವುದು ಕೆಲವೇ ಸೆಕೆಂಡು. ಓರೆಯಾಗಿ ಸಿಕ್ಕಿಕೊಂಡರೆ ಬಡಿಯಬೇಡಿ, ಮತ್ತೆ ಬಿಸಿ ಮಾಡಿ ಕೇಸನ್ನು ಮಗುಚಿದರೆ ತಾನಾಗೇ ಬೀಳುತ್ತದೆ. ಪಿಸ್ಟನ್ನಿಗೂ ಇದೇ ಉಪಾಯ, ಅದನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ ಹೆಬ್ಬೆರಳ ಒತ್ತಿಗೇ ಒಳಗೆ ಹೋಗುತ್ತದೆ. ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಆಯಿಲ್ ಸೀಲ್ ಮಾತ್ರ ಕೇಸ್ ತಣ್ಣಗಾದ ಮೇಲೇ ಹಾಕಿ.

ಬೇಜಾರಿನ ವಿಷಯಗಳೂ ಇವೆ. ವೈರ್ ತೀರಾ ಗಿಡ್ಡ. 2000 ವಾಟ್ ಅಂದರೆ ಹತ್ತಿರ ಹತ್ತಿರ 9 ಆಂಪಿಯರ್, ಹಾಲಿನಲ್ಲಿರುವ 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚಬೇಡಿ. ಗೀಸರ್ ಪಾಯಿಂಟಿನಿಂದ ದಪ್ಪ ವೈರಿನ ಎಕ್ಸ್‌ಟೆನ್ಷನ್ ಎಳೆದುಕೊಂಡೆ. ನಾಜಲ್‌ಗಳು ಸಡಿಲ, ಗನ್ ಬಗ್ಗಿಸಿದರೆ ಕೆಂಡದಂಥ ನಾಜಲ್ ಕಾಲ ಹತ್ತಿರವೇ ಬೀಳುತ್ತದೆ. ನಾನು ಎಲ್ಲ ತೆಗೆದಿಟ್ಟು ಗನ್ನಿನ ಬರಿ ಬಾಯಲ್ಲೇ ಕೆಲಸ ಮಾಡಿದೆ. ಹಿಡಿಕೆಗೆ ಚೂರು ರಬ್ಬರ್ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತೋ!

ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿಗೆ ಜೋಡಿಸುವ ಕ್ರ್ಯಾಂಕ್ ಪಿನ್ನೂ ಇದರಲ್ಲೇ ಆಗುತ್ತದೆ ಅಂದುಕೊಂಡು ತಗೋಬೇಡಿ. ಅಲ್ಲಿ ಉಕ್ಕಿಗೆ ಉಕ್ಕು, ಬಿಗಿಯೂ ಜಾಸ್ತಿ. ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೇ ಕೊಡಿ, ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ಓಲಾಡದೆ ನೇರ ತಿರುಗುತ್ತದಾ ಅಂತ ನೋಡಿ ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.